ತತ್ತಿ ಕಾಯುವ ಮೀನಿಗೆ ಸಿಟ್ಟು ಜಾಸ್ತಿ, ತಮ್ಮಾ

ತಮ್ಮಾ, ಜಗಳ ಕಂಡಕೂಡಲೇ ಬಲೆ ಹಿಡಿದು ತೊಟ್ಟಿಗೆ ಕೈ ಹಾಕುವುದು ನಿನ್ನ ವಯಸ್ಸಿನ ಚಾಳಿ. ಹೋದ ವಾರದ ತನಕ ಸಾಧುವಾಗಿದ್ದ ಕನ್ವಿಕ್ಟ್ ಸಿಕ್ಲಿಡ್ ಜೋಡಿ ಈಗ ಗಪ್ಪಿಗಳ ಬಾಲ ಹರಿಯುತ್ತಿದೆ. ಏಂಜೆಲ್ ಮೀನನ್ನು ಮೂಲೆಗೆ ಒತ್ತಿದೆ. "ಮುತ್ಯಾ, ಇವಕ್ಕ ಹುಚ್ಚು ಹಿಡದೈತಿ" ಅನ್ನುತ್ತೀಯ. ಹುಚ್ಚು ಯಾಕೆ ಹಿಡಿಯುತ್ತದೆ? ಆ ಪರ್ಸಿ ಕಲ್ಲಿನ ಕೆಳಗೆ ಬಗ್ಗಿ ನೋಡು, ತತ್ತಿ ಇಟ್ಟಿವೆ.

ಅವು ನಿನಗೆ ಹೇಳದೆ ಏನೂ ಮಾಡಿಲ್ಲ. ಹೆಣ್ಣಿನ ಹೊಟ್ಟೆಯ ಕಿತ್ತಳೆ ಬಣ್ಣ ಏರಿತ್ತು. ಎರಡೂ ಸೇರಿ ಕಲ್ಲಿನ ಮೈ ಉಜ್ಜುತ್ತಿದ್ದವು. ಬಾಯಿ ತುಂಬ ಉಸುಕು ತುಂಬಿ ತಂದು ಹೊರಗೆ ಉಗುಳುತ್ತಿದ್ದವು. ಆಗ ನೀನು ಮೊಬೈಲಿನಲ್ಲಿ ವಿಡಿಯೊ ಮಾಡಿ ಗೆಳೆಯರಿಗೆ ಕಳಿಸುತ್ತಿದ್ದೆ. ವಿಡಿಯೊ ಚೆನ್ನಾಗಿಯೇ ಬಂದಿತ್ತು ಬಿಡು. ಆದರೆ ಅದರ ಅರ್ಥ "ಇನ್ನು ಎರಡು ದಿನಕ್ಕೆ ಜಗಳ" ಅಂತ.

ಸಿಕ್ಲಿಡ್ ಅಂದರೆ ಅಂಗಡಿಯಲ್ಲಿ ಸಿಗುವ ಬಣ್ಣದ ಮೀನು ಮಾತ್ರ ಅಂದುಕೊಂಡಿದ್ದೀಯ. ಆಲಮಟ್ಟಿ ಹಿನ್ನೀರಿನಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು, ಅದೇ ತಿಲಾಪಿಯಾ, ಅದೂ ಇದೇ ಕುಲದ್ದು. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಬಾಗಲಕೋಟೆ ಕಡೆ ದಂಡೆಗುಂಟ ನಡೆದು ನೋಡು. ಆಳವಿಲ್ಲದ ಕಡೆ ಕೆಸರಿನಲ್ಲಿ ದುಂಡನೆಯ ಗುಣಿಗಳು ಕಾಣುತ್ತವೆ. ಗಂಡು ತಿಲಾಪಿಯಾ ತೋಡಿದ್ದು ಅವು. ಒಂದೊಂದು ಗುಣಿಗೆ ಒಬ್ಬೊಬ್ಬ ಯಜಮಾನ. ಪಕ್ಕದವನು ಗಡಿ ದಾಟಿದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಟ. ಹೆಣ್ಣು ಬಂದು ಗುಣಿಯಲ್ಲಿ ತತ್ತಿ ಇಟ್ಟು, ಎಲ್ಲವನ್ನೂ ಬಾಯಲ್ಲಿ ತುಂಬಿಕೊಂಡು ಹೊರಟುಬಿಡುತ್ತಾಳೆ. ಮರಿ ಈಜುವ ತನಕ ಎರಡು ಮೂರು ವಾರ ಅರೆಹೊಟ್ಟೆ ಉಪವಾಸ. ಗಂಡನಿಗೆ ಮಾತ್ರ ಗುಣಿಯದ್ದೇ ಚಿಂತೆ!

ಅಲ್ಲಿಯೂ ಇಷ್ಟೇ ಜಗಳ ಇದೆ, ಆದರೆ ಸಾಯುವವರು ಕಡಿಮೆ. ಯಾಕೆ? ಸೋತವನಿಗೆ ಓಡಲು ಘಟಪ್ರಭೆ ಇದೆ, ಅದು ಸಾಲದಿದ್ದರೆ ಕೃಷ್ಣೆ ಇದೆ. ನಿನ್ನದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಕಂಠಮಟ್ಟ ತುಂಬಿದರೂ 56 ಲೀಟರ್. ಉಸುಕು, ಕಲ್ಲು ಹೋಗಿ ಉಳಿಯುವುದು ಇನ್ನೂ ಕಡಿಮೆ. ತತ್ತಿ ಇಟ್ಟ ಕನ್ವಿಕ್ಟ್ ಜೋಡಿಗೆ ಅಷ್ಟೂ ತನ್ನದೇ ಅನಿಸುತ್ತದೆ. ಉಳಿದವರೊಂದಿಗೆ ಅವನ್ನು ಇಡಲೇಬೇಕೆಂದರೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಬೇಕು. ಅದು ಸುಮಾರು 250 ಲೀಟರ್ ಹಿಡಿಯುತ್ತದೆ. ದುಡ್ಡಿಲ್ಲ ಅಂತೀಯ? ಹಾಗಾದರೆ ಜೋಡಿಗೆ ಈ ಚಿಕ್ಕ ತೊಟ್ಟಿಯನ್ನೇ ಬಿಟ್ಟುಕೊಟ್ಟು ಉಳಿದವನ್ನು ಬೇರೆ ಮಾಡು. ಎರಡನ್ನೂ ಒಲ್ಲೆ ಅಂದರೆ ನಾಳೆ ಬೆಳಗ್ಗೆ ಗಪ್ಪಿ ಎಣಿಸುವುದನ್ನು ಬಿಟ್ಟುಬಿಡು.

ದೊಡ್ಡ ತೊಟ್ಟಿ ತಂದರೂ ಸಾಲದು, ಒಳಗೆ ಮರೆ ಬೇಕು. ಹೊಲದ ಬದುವಿಗೆ ಬಾಂದುಗಲ್ಲು ನೆಟ್ಟರೆ ದಾಯಾದಿಗಳ ಅರ್ಧ ಜಗಳ ಹೇಗೆ ತಣ್ಣಗಾಗುತ್ತದೋ, ಇಲ್ಲಿಯೂ ಹಾಗೆಯೇ. ಗಡಿ ಕಣ್ಣಿಗೆ ಕಾಣಬೇಕು. ನೀರಿನ ಮುಕ್ಕಾಲು ಎತ್ತರಕ್ಕೆ ಕಲ್ಲು ಕಟ್ಟು. ಒಂದು ತುದಿಯಲ್ಲಿ ತತ್ತಿಯ ಜಾಗ, ನಡುವೆ ಕಲ್ಲಿನ ಅಡ್ಡಗೋಡೆ, ಇನ್ನೊಂದು ತುದಿ ಉಳಿದವರಿಗೆ. ಕಾಣದ ಮೀನನ್ನು ಯಾರೂ ಅಟ್ಟಿಸಿಕೊಂಡು ಹೋಗುವುದಿಲ್ಲ.

ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಇಳಕಲ್ಲಿನ ಗ್ರಾನೈಟ್ ಚೂರು ತಾ. ಅದು ನೀರಿನ ಗುಣ ಕೆಡಿಸುವುದಿಲ್ಲ. ಚೂಪು ಅಂಚಿದ್ದರೆ ಉಜ್ಜಿ ಮೊಂಡು ಮಾಡು. ಬಾದಾಮಿಯ ಮರಳುಗಲ್ಲೂ ನಡೆಯುತ್ತದೆ. ಹಾಗಂತ ಮೇಣಬಸದಿ ಗುಡ್ಡದಿಂದ ಚೂರು ಎಬ್ಬಿಸಿ ತಂದೆಯೋ, ಪುರಾತತ್ವ ಇಲಾಖೆಯವರಿಗಿಂತ ಮೊದಲು ನಾನೇ ಕಿವಿ ಹಿಂಡುತ್ತೇನೆ. ಸುಣ್ಣದ ಕಲ್ಲಿನ ವಿಷಯದಲ್ಲಿ ಮಾತ್ರ ಎಚ್ಚರ. ಕಲ್ಲಿನ ಮೇಲೆ ನಿಂಬೆರಸ ಹಿಂಡು. ಬುರುಗು ಬಂದರೆ ಅದರಲ್ಲಿ ಸುಣ್ಣವಿದೆ, ನೀರನ್ನು ಗಡಸು ಮಾಡುತ್ತದೆ. ಅಮೆಜಾನ್ ಕಡೆಯ ಏಂಜೆಲ್, ಡಿಸ್ಕಸ್ ಮೀನಿಗೆ ಅದು ಒಗ್ಗದು. ಮಲಾವಿ ಸರೋವರದ ಆಫ್ರಿಕನ್ ಸಿಕ್ಲಿಡ್‌ಗಳಿಗೆ ಅದೇ ಹಿತ. ನಮ್ಮ ಗಡಸು ಬೋರಿನ ನೀರನ್ನು ನೀನು ದಿನಾ ಬಯ್ಯುತ್ತೀಯಲ್ಲ, ಆ ಮೀನುಗಳಿಗೆ ಕೊಟ್ಟು ನೋಡು. ಅವುಗಳ ಲೆಕ್ಕ ಮಾತ್ರ ಬೇರೆ: ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಒಂದೇ ಹೆಣ್ಣಿದ್ದರೆ ಗಂಡು ಅಟ್ಟಾಡಿಸಿ ಕೊಲ್ಲುತ್ತದೆ.

ಇನ್ನು ಈ "ಜೋಡಿ" ಅನ್ನುವ ಮಾತು. ಅಂಗಡಿಯವನು ಒಂದು ಗಂಡು, ಒಂದು ಹೆಣ್ಣು ಹಿಡಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರೆ ಜೋಡಿ ಆಗುವುದಿಲ್ಲ. ಆರು ಮರಿ ತಂದು ಒಟ್ಟಿಗೆ ಬೆಳೆಸು. ಅವೇ ತಮ್ಮ ಜೊತೆ ಆರಿಸಿಕೊಳ್ಳುತ್ತವೆ. ಜೋಡಿ ಆದ ಮೇಲೆ ಉಳಿದ ನಾಲ್ಕನ್ನು ಬೇರೆ ಕಡೆ ಕೊಡು. ಇದಕ್ಕೆ ತಿಂಗಳುಗಟ್ಟಲೆ ಬೇಕು. ನಿನ್ನ ಮುಖ ಈಗಲೇ ಸಪ್ಪಗಾಯಿತು, ಗೊತ್ತು.

ಜೋಡಿಯಾದ ಮೇಲೂ ಸಂಸಾರ ಸುಸೂತ್ರ ಅಂತ ತಿಳಿಯಬೇಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆ ಈ ಮೀನುಗಳಿಗೆ ಗೊತ್ತಿಲ್ಲ. ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್, 1973ರಲ್ಲಿ ನೊಬೆಲ್ ಬಂದವರು, ಒಂದೇ ತೊಟ್ಟಿಯ ನಡುವೆ ಗಾಜು ನಿಲ್ಲಿಸಿ ಆಚೆಗೊಂದು ಈಚೆಗೊಂದು ಜೋಡಿ ಸಾಕಿ ನೋಡಿದ್ದರು. ನೆರೆಯವರು ಕಾಣುತ್ತಿರುವ ತನಕ ಗಂಡಿನ ಸಿಟ್ಟೆಲ್ಲ ಗಾಜಿನ ಆಚೆಗೆ. ಗಾಜಿಗೆ ಪಾಚಿ ಹಿಡಿದು ನೆರೆಯವರು ಮರೆಯಾದರೆ ಹೆಂಡತಿಗೆ ಏಟು. ಪಾಚಿ ಒರೆಸಿದರೆ ಮನೆಯೊಳಗೆ ಮತ್ತೆ ಶಾಂತಿ. ನಮ್ಮ ಓಣಿಯಲ್ಲೂ ಇಂಥ ಮನೆಗಳನ್ನು ಕಂಡಿದ್ದೇನೆ, ಹೆಸರು ಹೇಳುವುದಿಲ್ಲ.

ಆದ್ದರಿಂದ ದೊಡ್ಡ ತೊಟ್ಟಿಯಲ್ಲಿ ಮೇಲ್ಪದರದಲ್ಲಿ ಓಡಾಡುವ ಚುರುಕು ಮೀನಿನ ಗುಂಪೊಂದು ಇರಲಿ. ಜೈಂಟ್ ಡೇನಿಯೊ ಆದೀತು. ಅವನ್ನು ಅಟ್ಟುವುದರಲ್ಲೇ ಜೋಡಿಯ ಸಿಟ್ಟು ಕರಗುತ್ತದೆ, ಅವು ಕೈಗೂ ಸಿಗುವುದಿಲ್ಲ. ಗಪ್ಪಿ, ಫೈಟರ್‌ನಂಥ ಉದ್ದ ಬಾಲದ ನಿಧಾನಿಗಳು ಬೇಡ. ನೆಲದಲ್ಲಿ ತೆವಳುವ ಕೋರಿಯೂ ಬೇಡ; ರಾತ್ರಿ ತತ್ತಿ ತಿನ್ನಲು ಹೋಗಿ ಕಣ್ಣು ಕಳೆದುಕೊಳ್ಳುತ್ತದೆ. ಫ್ಲವರ್‌ಹಾರ್ನ್ ತರುವ ಆಸೆ ನಿನಗಿದೆ ಅಂತ ನಿಮ್ಮವ್ವ ಹೇಳಿದಳು. ಅದು ಒಂಟಿ ಸಲಗ. ಅದಕ್ಕೆ ಬೇರೆಯೇ ತೊಟ್ಟಿ, ಇಲ್ಲವಾದರೆ ಮಾತೇ ಬೇಡ. ಅದೃಷ್ಟ ತರುತ್ತದೆ ಅಂತ ಮಾರುವವರ ಮಾತಿಗೆ ಕಿವಿಗೊಡಬೇಡ.

ಮೇ ತಿಂಗಳಲ್ಲಿ ಇನ್ನೊಂದು ಕಾಟ. ನಮ್ಮ ಊರಿನ ಬಿಸಿಲಿಗೆ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ಬಿಸಿಯಾದಷ್ಟೂ ಮೀನಿನ ಮೈ ಚುರುಕು, ನೀರಿನಲ್ಲಿ ಉಸಿರು ಕಡಿಮೆ. ಅದರ ಮೇಲೆ ಕರೆಂಟು ಹೋದರೆ ಗಾಳಿಯ ಪಂಪೂ ನಿಲ್ಲುತ್ತದೆ. ಸೋತು ಮೂಲೆ ಸೇರಿದ ಮೀನು ಮೊದಲು ಸಾಯುತ್ತದೆ. ಮುಚ್ಚಳದ ಬದಲು ಜಾಳಿಗೆ ಹಾಕು, ನೀರಿನ ಮೇಲೆ ಫ್ಯಾನಿನ ಗಾಳಿ ಬಿಡು, ಬ್ಯಾಟರಿ ಪಂಪೊಂದು ಮನೆಯಲ್ಲಿರಲಿ.

ಕೈ ಹಾಕುವ ಹೊತ್ತು ಯಾವುದು? ಸುಮ್ಮನೆ ಅಟ್ಟಾಡಿಸುವುದು, ಕಿವಿರು ಉಬ್ಬಿಸುವುದು, ಬಾಲ ಬೀಸುವುದು ಇವೆಲ್ಲ ಬೆದರಿಕೆ. ನೋಡುತ್ತಾ ಕೂಡು. ಒಂದು ಮೀನು ಫಿಲ್ಟರಿನ ಹಿಂದೆ ನೀರಿನ ಮೇಲ್ಮೈಗೆ ಅಂಟಿಕೊಂಡು, ಮೇವಿಗೂ ಬಾರದೆ, ರೆಕ್ಕೆ ಚಿಂದಿಯಾಗಿ ನಿಂತಿದ್ದರೆ ಆಗ ತಡಮಾಡಬೇಡ. ಬೇರೆ ನೀರಿಗೆ ಹಾಕು. ಅದು ಸಾಗದಿದ್ದರೆ ನಡುವೆ ಪ್ಲಾಸ್ಟಿಕ್ ಜಾಳಿಗೆ ನಿಲ್ಲಿಸು. ಹೊಸ ಮೀನು ಬಿಡುವ ದಿನ ಕಲ್ಲುಗಳ ಜಾಗ ಅದಲು ಬದಲು ಮಾಡಿ, ಹಳಬರಿಗೆ ಹೊಟ್ಟೆ ತುಂಬ ಹಾಕಿ, ದೀಪ ಆರಿಸಿ ಬಿಡು. ಗಡಿ ಅಳಿಸಿದ ಮೇಲೆ ಹಳಬರೂ ಹೊಸಬರೇ.

ತತ್ತಿ ಇದ್ದಾಗ ಮಾತ್ರ ಕಲ್ಲು ಅಲುಗಾಡಿಸಬೇಡ. ಕನ್ವಿಕ್ಟ್ ತತ್ತಿ ಮೂರು ದಿನಕ್ಕೆ ಒಡೆಯುತ್ತದೆ, ವಾರದ ಹೊತ್ತಿಗೆ ಮರಿ ಈಜುತ್ತದೆ, ಆಮೇಲೂ ತಿಂಗಳು ಕಾವಲು. ನೀನು ಗಳಿಗೆಗೊಮ್ಮೆ ಟಾರ್ಚ್ ಹಾಕಿ ಇಣುಕಿದರೆ ಹೆದರಿದ ತಾಯಿತಂದೆಯೇ ತತ್ತಿ ತಿಂದು ಮುಗಿಸುತ್ತವೆ. ಏಂಜೆಲ್‌ಗಳಂತೂ ಎಳೆಯ ಜೋಡಿಯಾದರೆ ಮೊದಲ ಎರಡು ಮೂರು ಸಲ ತಿಂದೇ ತಿನ್ನುತ್ತವೆ. ಸುಮ್ಮನಿರು, ಕಲಿಯುತ್ತವೆ.

ಎಲ್ಲ ಸರಿಹೋಗಿ ಮರಿ ಉಳಿದವು ಅನ್ನು. ಕನ್ವಿಕ್ಟ್ ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಮರಿ ಮಾಡುತ್ತದೆ. ತೊಟ್ಟಿ ತುಂಬಿತು ಅಂತ ಬಕೆಟ್ಟಿನಲ್ಲಿ ಹೊತ್ತು ಹೋಗಿ ಹಿನ್ನೀರಿಗೋ, ಬಾದಾಮಿಯ ಅಗಸ್ತ್ಯ ತೀರ್ಥಕ್ಕೋ, ಯಾರದೋ ಹೊಲದ ಬಾವಿಗೋ ಬಿಡುವ ಪುಣ್ಯದ ಕೆಲಸ ಮಾಡಬೇಡ. ಜಿಲೇಬಿ ಮೀನು ಒಮ್ಮೆ ಬಂದದ್ದು ಇಂದು ದೇಶದ ಕೆರೆ ಹೊಳೆಗಳನ್ನೆಲ್ಲ ಹೊಕ್ಕಿದೆ, ಊರ ಮೀನಿನ ಜಾಗ ತಿಂದಿದೆ. ಇನ್ನೊಂದು ಜಗಳಗಂಟ ಜಾತಿಯನ್ನು ನೀನು ಸೇರಿಸುವುದು ಬೇಡ. ಈಗಲೇ ಅಂಗಡಿಯವನನ್ನು, ಗೆಳೆಯರನ್ನು ಕೇಳಿಟ್ಟುಕೋ. ಯಾರೂ ಒಲ್ಲೆವೆಂದರೆ ಮುಂದಿನ ಸಲ ತತ್ತಿ ಇಟ್ಟ ದಿನವೇ ಆ ಕಲ್ಲನ್ನು ತೆಗೆದು ಬಿಸಿಲಿಗಿಡು.