ಪೆಟ್ಟು ತಲೆಗೆ, ಕೈ ಕತ್ತಿಗೆ

ಪ್ರಶ್ನೆ: ನನಗೆ 38 ವರ್ಷ. ಊರು ಶಿವಮೊಗ್ಗ, ಮದುವೆಯಾದ ಮೇಲೆ ಚೆನ್ನೈನ ಅಣ್ಣಾ ನಗರದಲ್ಲಿದ್ದೇನೆ. ನಾಲ್ಕು ತಿಂಗಳ ಹಿಂದೆ ತಿರುಮಂಗಲಂ ಸಿಗ್ನಲ್ ಹತ್ತಿರ ಸ್ಕೂಟರಿನಿಂದ ಬಿದ್ದೆ. ಹೆಲ್ಮೆಟ್ ಇತ್ತು. ಬಿದ್ದ ಮೇಲಿನ ಒಂದೆರಡು ನಿಮಿಷ ನೆನಪಿಲ್ಲ. ಸಿ.ಟಿ. ಸ್ಕ್ಯಾನ್, ಆಮೇಲೆ ಮಾಡಿಸಿದ ಎಂ.ಆರ್.ಐ. ಎರಡೂ ನಾರ್ಮಲ್. ಆದರೂ ಕತ್ತಿನಿಂದ ನೆತ್ತಿಯವರೆಗೆ ಹಿಡಿದಂಥ ನೋವು, ರಾತ್ರಿ ಮಗ್ಗುಲು ಬದಲಿಸಿದರೆ ತಲೆ ಗಿರ್ರೆನ್ನುತ್ತದೆ, ಲ್ಯಾಪ್‌ಟಾಪ್ ಮುಂದೆ ಅರ್ಧ ಗಂಟೆ ಕೂತರೆ ಮಂಕು ಕವಿಯುತ್ತದೆ. ಹೆಚ್ಚುಕಮ್ಮಿ ದಿನಾ ನೋವಿನ ಮಾತ್ರೆ ನುಂಗುತ್ತೇನೆ. ಪಕ್ಕದ ಫ್ಲ್ಯಾಟಿನವರು ಆಸ್ಟಿಯೋಪತಿಯವರ ಹತ್ತಿರ ತಲೆಬುರುಡೆಯ ಮೂಳೆ ಸರಿಮಾಡಿಸಿಕೊಳ್ಳಿ ಅನ್ನುತ್ತಾರೆ. ಕೈರೋಪ್ರಾಕ್ಟರ್ ಒಬ್ಬರು ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಹೇಳಿದ್ದಾರೆ. ಅತ್ತೆಯವರಿಗೆ ವರ್ಮ ವೈದ್ಯದಲ್ಲಿ ನಂಬಿಕೆ. ಯಾರ ಹತ್ತಿರ ಹೋಗಲಿ ಡಾಕ್ಟರೇ?
— ಓದುಗಿ, ಶಾಂತಿ ಕಾಲೊನಿ, ಅಣ್ಣಾ ನಗರ್

ಉತ್ತರ: ಯಾರ ಹತ್ತಿರ ಎನ್ನುವುದು ಆಮೇಲಿನ ಮಾತು. ನಿಮ್ಮ ಮೂರು ತೊಂದರೆಗಳಲ್ಲಿ ಯಾವುದು ಎಲ್ಲಿಂದ ಹುಟ್ಟುತ್ತಿದೆ ಎಂದು ಮೊದಲು ನೋಡಿಬಿಡೋಣ.

ಸ್ಕ್ಯಾನ್ ನಾರ್ಮಲ್ ಅಂದರೆ ರಕ್ತಸ್ರಾವವಿಲ್ಲ, ಬುರುಡೆ ಬಿರುಕು ಬಿಟ್ಟಿಲ್ಲ ಎಂದಷ್ಟೇ. ಪೆಟ್ಟಿಗೆ ಮಿದುಳು ಅಲುಗುವುದನ್ನು ಕನ್ಕಶನ್ ಎನ್ನುತ್ತೇವೆ. ಅದರಲ್ಲಿ ಮಿದುಳಿನ ಆಕಾರ ಕೆಡುವುದಿಲ್ಲ, ಕೆಲಸ ಕೆಡುತ್ತದೆ. ಜೀವಕೋಶಗಳ ಲವಣದ ಸಮತೋಲ, ಶಕ್ತಿಯ ಬಳಕೆ ಏರುಪೇರಾಗುತ್ತದೆ. ಅದು ಸ್ಕ್ಯಾನಿನಲ್ಲಿ ಕಾಣುವಂಥದ್ದಲ್ಲ. ಬಹುತೇಕರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಾಲ್ಕು ವಾರ ದಾಟಿದರೂ ತೊಂದರೆ ಉಳಿದರೆ ಅದನ್ನು ಹಟಮಾರಿ ಲಕ್ಷಣ ಎಂದು ಪರಿಗಣಿಸಿ ಬೇರೆ ಬೇರೆ ಮೂಲಗಳನ್ನು ಹುಡುಕಬೇಕು ಎನ್ನುತ್ತದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2022ರಲ್ಲಿ ಸೇರಿದ್ದ ಕ್ರೀಡಾ ಕನ್ಕಶನ್ ತಜ್ಞರ ಸಮ್ಮೇಳನದ ಹೇಳಿಕೆ. ನಿಮಗಂತೂ ನಾಲ್ಕು ತಿಂಗಳಾಗಿದೆ. ನೀವು ಬಿದ್ದಾಗ ಅಲುಗಿದ್ದು ಮಿದುಳೊಂದೇ ಅಲ್ಲ. ಕತ್ತು ಉಳುಕಿರಬಹುದು, ಒಳಗಿವಿಗೆ ಏಟು ಬಿದ್ದಿರಬಹುದು, ಎರಡು ಕಣ್ಣೂ ಒಟ್ಟಿಗೆ ಒಂದೆಡೆ ನೆಡುವ ಹೊಂದಾಣಿಕೆ ಸಡಿಲಗೊಂಡಿರಬಹುದು. ಕೈಚಿಕಿತ್ಸೆಗೆ ಇಲ್ಲಿ ಜಾಗವಿದೆ, ಖಂಡಿತ ಇದೆ. ಆದರೆ ಅದು ನಿಮ್ಮ ನೆರೆಯವರು ಹೇಳಿದ ಜಾಗವಲ್ಲ.

ಮಗ್ಗುಲು ಬದಲಿಸಿದಾಗ ಗಿರ್ರೆನ್ನುತ್ತದೆ ಎಂದು ಬರೆದಿದ್ದೀರಲ್ಲ, ಕಾಗದದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಮಾತು ಅದು. ಆ ಸುತ್ತು ಒಂದು ನಿಮಿಷದೊಳಗೆ ನಿಲ್ಲುತ್ತದೆಯೇ ಗಮನಿಸಿ. ನಿಲ್ಲುವುದಾದರೆ ಒಳಗಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ಏಟಿಗೆ ಕಳಚಿಕೊಂಡು, ಹೋಗಬಾರದ ನಾಳಕ್ಕೆ ಜಾರಿರುವ ಸಾಧ್ಯತೆ ಹೆಚ್ಚು. ತಲೆಗೆ ಪೆಟ್ಟಾದವರಲ್ಲಿ ಇದು ಅಪರೂಪವಲ್ಲ. ಇ.ಎನ್.ಟಿ. ವೈದ್ಯರು ನಿಮ್ಮನ್ನು ಮಂಚದ ಮೇಲೆ ಕೂರಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆ ನೋಡುತ್ತಾರೆ. ಅದು ಒಂದು ಬಗೆಯಲ್ಲಿ ಅದುರಿದರೆ ರೋಗ ಗೊತ್ತಾಯಿತು. ಆಮೇಲೆ ಅದೇ ಮಂಚದ ಮೇಲೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹಿಂದಿನ ಜಾಗಕ್ಕೆ ಉರುಳಿಸುವುದೇ ಎಪ್ಲಿ ವಿಧಾನ. ಐದು ನಿಮಿಷದ ಕೆಲಸ. ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ಗುಣ. ನಿಮ್ಮ ಕತ್ತು ಬಿಗಿದಿದೆ ಎನ್ನುವುದನ್ನು ಮಾತ್ರ ಅವರಿಗೆ ಮೊದಲೇ ತಿಳಿಸಿ.

ಅಮೆರಿಕದ ಕಿವಿವೈದ್ಯ ಜಾನ್ ಎಪ್ಲಿ 1980ರಲ್ಲಿ ಇದನ್ನು ತೋರಿಸಿದಾಗ ಅವರ ಸಹೋದ್ಯೋಗಿಗಳೇ ನಕ್ಕಿದ್ದರು. ತಲೆ ತಿರುಗಿಸಿದರೆ ತಲೆಸುತ್ತು ಹೋಗುವುದೇ ಎಂಬ ಗೇಲಿ. ಆದರೆ ಬೇರೆಯವರೂ ಮಾಡಿ ನೋಡಿದರು, ಅಳೆದರು, ಗುಣವಾಗುತ್ತಿತ್ತು. ಇಂದು ಯಾರೂ ನಗುವುದಿಲ್ಲ. ಈ ಕತೆ ಯಾಕೆ ಹೇಳಿದೆನೆಂದರೆ, ಕೈಯಿಂದ ಮಾಡುವುದೆಲ್ಲ ಬೂಟಾಟಿಕೆ ಎನ್ನುವ ವೈದ್ಯರ ಪೈಕಿ ನಾನಲ್ಲ. ಪರೀಕ್ಷೆಗೆ ಒಡ್ಡಿ ಗೆದ್ದ ಕೈ ಯಾವುದು ಎಂಬುದಷ್ಟೇ ನನ್ನ ಕುತೂಹಲ.

ಇನ್ನು ಕತ್ತಿನಿಂದ ನೆತ್ತಿಗೆ ಏರುವ ನೋವು. ಕತ್ತಿನ ಮೇಲಿನ ಮೂರು ನರಗಳೂ ಹಣೆ-ಕಣ್ಣಿನ ಸಂವೇದನೆ ಒಯ್ಯುವ ನರವೂ ಮಿದುಳುಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದಂತೆ. ಒತ್ತಿದವರು ಯಾರ ಮನೆಗೆ ಬಂದವರೆಂದು ಒಳಗಿರುವವರಿಗೆ ತಿಳಿಯುವುದಿಲ್ಲ. ಹಾಗಾಗಿ ಕತ್ತಿನ ಕೀಲು ಉಳುಕಿದರೂ ತಲೆನೋವೆಂದೇ ಅನಿಸುತ್ತದೆ. ಇದಕ್ಕೆ ಕೈಚಿಕಿತ್ಸೆ ಕೆಲಸ ಮಾಡುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ ಕ್ಯಾಥರಿನ್ ಷ್ನೈಡರ್ ತಂಡ 12ರಿಂದ 30 ವಯಸ್ಸಿನ 31 ಮಂದಿಯನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಆಟದಲ್ಲಿ ಆದ ಕನ್ಕಶನ್ ನಂತರ ತಲೆಸುತ್ತು, ಕತ್ತುನೋವು ಅಥವಾ ತಲೆನೋವು ಉಳಿದಿತ್ತು. ಒಂದು ಗುಂಪಿಗೆ ವಿಶ್ರಾಂತಿ ಮತ್ತು ಸಾಧಾರಣ ವ್ಯಾಯಾಮ. ಇನ್ನೊಂದಕ್ಕೆ ಅದರ ಜೊತೆಗೆ ಕತ್ತಿನ ಕೀಲುಗಳನ್ನು ಮೆಲ್ಲನೆ ಸಡಿಲಿಸುವ ಫಿಸಿಯೋಥೆರಪಿ, ಆಳದ ಸ್ನಾಯುಗಳನ್ನು ಬಲಪಡಿಸುವ ಕಸರತ್ತು, ಸಮತೋಲದ ಅಭ್ಯಾಸ. ಎಂಟು ವಾರದಲ್ಲಿ ಎರಡನೆಯ ಗುಂಪಿನ ಶೇಕಡ 73 ಮಂದಿ ಆಟಕ್ಕೆ ಮರಳಲು ಅನುಮತಿ ಪಡೆದರು. ಮೊದಲ ಗುಂಪಿನಲ್ಲಿ ಶೇಕಡ 7. 2014ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನ, ಸರಿ. ಆದರೂ ಆಮ್‌ಸ್ಟರ್‌ಡ್ಯಾಮ್ ಹೇಳಿಕೆ ಈ ಬಗೆಯ ಚಿಕಿತ್ಸೆಯನ್ನೇ ಶಿಫಾರಸು ಮಾಡುತ್ತದೆ. ಇಲ್ಲಿ ಮಂಚದ ಮೇಲೆ ಥೆರಪಿಸ್ಟ್ ಮಾಡುವುದು ಅರ್ಧ. ನೀವು ಮನೆಯಲ್ಲಿ ದಿನಾ ಮಾಡುವುದು ಇನ್ನರ್ಧ.

ಬುರುಡೆಯ ಮೂಳೆ ಸರಿಮಾಡುವ ವಿಚಾರಕ್ಕೆ ಬರೋಣ. ಇದರ ಮೂಲಪುರುಷ ವಿಲಿಯಂ ಸದರ್‌ಲ್ಯಾಂಡ್ ಎಂಬ ಅಮೆರಿಕದ ಆಸ್ಟಿಯೋಪತ್. ಬುರುಡೆಯ ಬಿಡಿ ಮೂಳೆಗಳ ಓರೆ ಅಂಚು ನೋಡಿ, ಇವು ಮೀನಿನ ಕಿವಿರಿನಂತೆ ಅಲುಗಾಡಲೆಂದೇ ಇವೆ ಎಂದು ಅವರಿಗೆ ಹೊಳೆಯಿತಂತೆ. 1939ರಲ್ಲಿ ಪುಸ್ತಕವೂ ಬಂತು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಅದನ್ನು ಕ್ರೇನಿಯೋಸೇಕ್ರಲ್ ಥೆರಪಿಯಾಗಿ ಬೆಳೆಸಿದರು: ಮಿದುಳು-ಬೆನ್ನುಹುರಿಯ ದ್ರವಕ್ಕೆ ತನ್ನದೇ ಲಯವಿದೆ, ನುರಿತ ಬೆರಳಿಗೆ ಅದು ಸಿಗುತ್ತದೆ, ಐದು ಗ್ರಾಂನಷ್ಟು ಹಗುರ ಸ್ಪರ್ಶದಿಂದ ಅದನ್ನು ಸರಿಪಡಿಸಬಹುದು ಎಂದು. ಹಾಗಿದ್ದರೆ ಒಬ್ಬ ರೋಗಿಯ ಲಯ ಎಲ್ಲ ಬೆರಳಿಗೂ ಒಂದೇ ಆಗಿ ಸಿಗಬೇಕಲ್ಲ? 1994ರ ಅಧ್ಯಯನವೊಂದರಲ್ಲಿ ಮೂವರು ಥೆರಪಿಸ್ಟರು 12 ಮಂದಿಯನ್ನು ಮುಟ್ಟಿ ಎಣಿಸಿದರು. ಮೂವರ ಲೆಕ್ಕ ಮೂರು ದಿಕ್ಕು. 2016ರಲ್ಲಿ ಫ್ರಾನ್ಸಿನ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ರೋಗ ಗುರುತಿಸುವುದರಲ್ಲಾಗಲಿ ಗುಣಪಡಿಸುವುದರಲ್ಲಾಗಲಿ ನೆಚ್ಚಿಕೊಳ್ಳುವಂಥ ಆಧಾರ ಸಿಗಲಿಲ್ಲ ಎಂದರು.

ಆದರೂ ಹೋಗಿಬಂದವರು ಹಗುರವಾಯಿತು ಅನ್ನುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಮಂದ ಬೆಳಕಿನ ಕೋಣೆ, ಮುಕ್ಕಾಲು ಗಂಟೆ ಮೊಬೈಲಿಲ್ಲದೆ ಮಲಗುವುದು, ನಿಮ್ಮ ಕಷ್ಟವನ್ನು ತಾಳ್ಮೆಯಿಂದ ಕೇಳುವ ಒಬ್ಬರು. ನಮ್ಮ ಓ.ಪಿ.ಡಿ.ಗಳಲ್ಲಿ ಐದು ನಿಮಿಷವೂ ಸಿಗದವರಿಗೆ ಇದೇ ದೊಡ್ಡ ಔಷಧ. ಹಗುರ ಸ್ಪರ್ಶದಿಂದ ಅಪಾಯವೂ ಕಡಿಮೆ. ದುಡ್ಡಿದ್ದರೆ, ಇಷ್ಟವಿದ್ದರೆ ಹೋಗಿ. ಮೂಳೆ ಕೂಡಿತು ಎಂದು ಮಾತ್ರ ನಂಬಬೇಡಿ. ಅಮೆರಿಕದಲ್ಲಿ ಆಸ್ಟಿಯೋಪತಿ ಓದಿದವರು ಪೂರ್ಣಪ್ರಮಾಣದ ವೈದ್ಯರು, ನಮ್ಮಲ್ಲಿ ಹಾಗಲ್ಲ. ಫಿಸಿಯೋಥೆರಪಿಯ ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಪದವಿ ಓದಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಕತ್ತನ್ನು ಲಟಕ್ಕೆನ್ನಿಸುವ ಕೈರೋಪ್ರಾಕ್ಟಿಕ್ ತಿರುವಿಗೆ ಮಾತ್ರ ನನ್ನ ಉತ್ತರ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ನಾಳಗಳು ಕತ್ತಿನಲ್ಲೇ ಹಾದುಹೋಗುತ್ತವೆ. ಬಿದ್ದ ಏಟಿಗೆ ಅವುಗಳ ಒಳಪದರ ಗೊತ್ತಿಲ್ಲದೆ ಸೀಳಿರಬಹುದು, ಅದರ ಮೊದಲ ಲಕ್ಷಣವೂ ಕತ್ತುನೋವು-ತಲೆನೋವೇ. 2024ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದದ್ದು ನೆನಪಿರಬಹುದು: ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಹೆಡ್ ಮಸಾಜ್ ಮಾಡಿ ಕತ್ತು ತಿರುವಿದರು. ಮನೆಗೆ ಬಂದ ಮೇಲೆ ಮಾತು ತೊದಲಿತು, ದೇಹದ ಒಂದು ಪಕ್ಕ ಬಲ ಕಳೆದುಕೊಂಡಿತು. ಕತ್ತಿನ ರಕ್ತನಾಳ ಹರಿದು ಆದ ಪಾರ್ಶ್ವವಾಯು. ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ ಆತ ಚೇತರಿಸಿಕೊಂಡ. ಇಂಥದ್ದು ಅಪರೂಪ ನಿಜ. ಆದರೆ ಮೆಲ್ಲನೆಯ ಚಿಕಿತ್ಸೆಯಿಂದಲೇ ಆಗುವ ಕೆಲಸಕ್ಕೆ ಆ ಅಪರೂಪವನ್ನಾದರೂ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ವಸ್ತು ಎರಡಾಗಿ ಕಾಣುವುದು, ಮಾತು ಅಥವಾ ನುಂಗುವಿಕೆ ತಡವರಿಸುವುದು, ಮುಖ ಜೋಮು ಹಿಡಿಯುವುದು, ಇದ್ದಕ್ಕಿದ್ದಂತೆ ಕುಸಿಯುವುದು ಇವುಗಳಲ್ಲಿ ಒಂದು ಕಂಡರೂ ಯಾರ ಕೈಗೂ ಕತ್ತು ಕೊಡದೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಮೈಯ ಮರ್ಮಸ್ಥಾನಗಳನ್ನು ಒತ್ತುವ ವರ್ಮ ಚಿಕಿತ್ಸೆ ಸಿದ್ಧ ವೈದ್ಯದ ಭಾಗ. ಅತ್ತೆಯವರ ಮನಸ್ಸು ನೋಯಿಸಲಾಗದಿದ್ದರೆ ಬೀದಿಬದಿಯ ಬೋರ್ಡಿಗಿಂತ ತಾಂಬರಂನ ರಾಷ್ಟ್ರೀಯ ಸಿದ್ಧ ಸಂಸ್ಥೆ ಅಥವಾ ನಿಮಗೆ ಹತ್ತಿರವೇ ಇರುವ ಅರುಂಬಾಕ್ಕಂನ ಸರ್ಕಾರಿ ಆಸ್ಪತ್ರೆ ವಾಸಿ. ಕತ್ತು ಒತ್ತಬಾರದು, ತಿರುವಬಾರದು ಎಂಬ ಷರತ್ತಿನ ಮೇಲೆ. ಮೂಳೆ ಉಳುಕಿದರೆ ಹಾಕುವ, ಚೆನ್ನೈನ ಬೀದಿಬೀದಿಯಲ್ಲಿ ಕಾಣುವ ಪುತ್ತೂರು ಕಟ್ಟಿಗೂ ಇದೇ ಮಾತು. (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಊರಿನ ಅಭಿಮಾನದಿಂದ ಹೋದವರೂ ಇದ್ದಾರೆ!)

ದಿನಾ ನುಂಗುವ ಮಾತ್ರೆಯೇ ತಲೆನೋವು ತರುತ್ತಿರಬಹುದು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಧಾರಣ ನೋವಿನ ಮಾತ್ರೆ, ಇಲ್ಲವೇ 10 ದಿನ ಅಥವಾ ಅದಕ್ಕಿಂತ ಹೆಚ್ಚು ಕೆಫೀನ್ ಬೆರೆತ ಮಿಶ್ರಮಾತ್ರೆ ಹೀಗೇ ಮುಂದುವರಿದರೆ ತಲೆನೋವು ಬಿಡುವುದೇ ಇಲ್ಲ. ನ್ಯೂರಾಲಜಿಸ್ಟ್ ಸಲಹೆಯಿಂದ ಇಳಿಸಿ. ತಲೆಸುತ್ತಿನ ಮಾತ್ರೆಯನ್ನೂ ತಿಂಗಳುಗಟ್ಟಲೆ ತೆಗೆದುಕೊಂಡರೆ ಮಿದುಳು ತಾನೇ ಹೊಂದಿಕೊಳ್ಳುವುದು ನಿಧಾನವಾಗುತ್ತದೆ. ಲ್ಯಾಪ್‌ಟಾಪಿನ ಮಂಕಿಗೆ ಕಣ್ಣಿನ ವೈದ್ಯರಿಂದ ದೃಷ್ಟಿ ಮಾತ್ರವಲ್ಲ, ಕಣ್ಣುಗಳ ಹೊಂದಾಣಿಕೆಯನ್ನೂ ಪರೀಕ್ಷೆ ಮಾಡಿಸಿ.

ಮತ್ತೆ, ನಡೆಯಿರಿ. ಕತ್ತಲಕೋಣೆಯಲ್ಲಿ ಮಲಗಿಸುವ ಕಾಲ ಹೋಯಿತು. ಒಂದೆರಡು ದಿನದ ವಿಶ್ರಾಂತಿಯ ನಂತರ ಲಘು ವ್ಯಾಯಾಮ ಶುರುಮಾಡಬೇಕು ಎಂಬುದೇ ಈಗಿನ ಪದ್ಧತಿ. ಅಮೆರಿಕದ ಜಾನ್ ಲೆಡ್ಡಿ ತಂಡದ 2019ರ ಪ್ರಯೋಗದಲ್ಲಿ ಹೊಸದಾಗಿ ಕನ್ಕಶನ್ ಆದ ಹದಿಹರೆಯದವರು ಅಳತೆ ಮೀರದ ಏರೋಬಿಕ್ ವ್ಯಾಯಾಮದಿಂದ 13 ದಿನದಲ್ಲಿ, ಬರಿ ಮೈಸಡಿಲಿಸುವ ಕಸರತ್ತಿನಿಂದ 17 ದಿನದಲ್ಲಿ ಚೇತರಿಸಿಕೊಂಡರು. ತಿಂಗಳುಗಳಾದವರಿಗೂ ಅದೇ ಕ್ರಮ ಹಾಕಿಕೊಡುತ್ತೇವೆ. ನಿಮಗೆ ಟವರ್ ಪಾರ್ಕ್ ಹತ್ತಿರವೇ ಇದೆ. ಬೆಳಿಗ್ಗೆ 20 ನಿಮಿಷ ಚುರುಕಾಗಿ ನಡೆಯಿರಿ. ಹತ್ತರಲ್ಲಿ ಮೂರಿದ್ದ ನೋವು ಐದು ದಾಟಿದರೆ ಅವತ್ತಿಗೆ ನಿಲ್ಲಿಸಿ, ಮಾರನೆಯ ದಿನ ಸ್ವಲ್ಪ ಕಡಿಮೆ. 1968ರ ವಾಣಿಜ್ಯ ಮೇಳದ ಕಾಲದ ಆ ಗೋಪುರಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರು ಎಂಬುದು ಅಲ್ಲಿ ನಡೆಯುವ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಅದರ ಸುತ್ತುದಾರಿ ಹತ್ತುವುದು ಮಾತ್ರ ತಲೆಸುತ್ತು ನಿಂತ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ಅಪ್ಪನಿಗೆ 71. ಹೃದಯಕ್ಕೆ ಸ್ಟೆಂಟ್ ಹಾಕಿ, ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದಾರೆ. ಐದು ವಾರದ ಹಿಂದೆ ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಾಗಿತ್ತು, ಏನೂ ಆಗಿರಲಿಲ್ಲ. ಈಗ ವಾರದಿಂದ ತಲೆನೋವು, ಕಾಲೆಳೆದು ನಡೆಯುತ್ತಾರೆ, ಮಾತು ಮರೆಯುತ್ತಾರೆ. ಎಣ್ಣೆ ಮಾಲೀಸು ಮಾಡುವವರನ್ನು ಮನೆಗೇ ಕರೆಸಬಹುದೇ?
— ಓದುಗ, ಹೊಸೂರು

ಉತ್ತರ: ಕರೆಸಬೇಡಿ. ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಲೆಯ ಸಿ.ಟಿ. ಮಾಡಿಸಿ, ನಾಳೆಗೆ ಇಡಬೇಡಿ. ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿರುತ್ತದೆ, ಅದರ ಮೇಲ್ಪದರದ ಸಣ್ಣ ರಕ್ತನಾಳಗಳು ಚಿಕ್ಕ ಏಟಿಗೂ ಹರಿಯುತ್ತವೆ, ರಕ್ತ ವಾರಗಟ್ಟಲೆ ತೊಟ್ಟಿಕ್ಕಿ ಗಂಟಾಗಿ ಮಿದುಳನ್ನು ಅದುಮುತ್ತದೆ. ಇದನ್ನು ಮುಪ್ಪಿನ ಮರೆವೆಂದು ತಿಳಿದು ಕೂತವರನ್ನು ಬಹಳ ನೋಡಿದ್ದೇನೆ. ಅದೇ ಆಗಿದ್ದರೆ ಬುರುಡೆಗೆ ಸಣ್ಣ ರಂಧ್ರ ಮಾಡಿ ರಕ್ತ ಹೊರತೆಗೆಯುತ್ತಾರೆ, ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಸ್ಟೆಂಟಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚೀಟಿ ತೆಗೆದುಕೊಂಡು ಹೋಗಿ, ಅಲ್ಲಿನ ವೈದ್ಯರೇ ತೀರ್ಮಾನಿಸಲಿ.

ಪ್ರಶ್ನೆ: ಮಗನಿಗೆ 15. ಕ್ರಿಕೆಟ್ ಚೆಂಡು ಹೆಲ್ಮೆಟ್ಟಿಗೆ ಬಡಿದು ಹತ್ತು ದಿನವಾಯಿತು. ಓದಲು ಕೂತರೆ ತಲೆನೋವು. ಕಳರಿ ಗುರುಕ್ಕಳ ಹತ್ತಿರ ಉಳಿಚ್ಚಿಲ್ ಮಾಲೀಸು ಮಾಡಿಸಿದರೆ ಮುಂದಿನ ವಾರದ ಪಂದ್ಯಕ್ಕೆ ಸರಿಯಾಗುತ್ತಾನೆಯೇ?
— ತಾಯಿ, ಕಾಸರಗೋಡು

ಉತ್ತರ: ಈಗ ಉಳಿಚ್ಚಿಲ್ ಬೇಡ, ಪಂದ್ಯವೂ ಬೇಡ. ಹತ್ತು ದಿನಕ್ಕೆ ಗಾಬರಿಯೂ ಬೇಡ. ಮಕ್ಕಳಿಗೆ ನಾಲ್ಕು ವಾರದವರೆಗೂ ಹಿಡಿಯುತ್ತದೆ. ಪದೇಪದೇ ವಾಂತಿ, ವಿಪರೀತ ನಿದ್ದೆ, ದಿನೇದಿನೇ ಏರುವ ನೋವು ಇದ್ದರೆ ಮಾತ್ರ ತಡಮಾಡದೆ ತೋರಿಸಿ. ಲಘು ನಡಿಗೆ ಈಗಲೇ ಇರಲಿ. ಆಟಕ್ಕೆ ಮೊದಲು ಶಾಲೆಯ ಪೂರ್ತಿ ದಿನ ತಲೆನೋವಿಲ್ಲದೆ ಕಳೆಯಲಿ. ಆಮೇಲೆ ಓಟ, ಚೆಂಡಿಲ್ಲದ ಅಭ್ಯಾಸ, ನೆಟ್ಸ್. ಒಂದು ಹಂತಕ್ಕೆ ಕನಿಷ್ಠ ಒಂದು ದಿನ, ಪಂದ್ಯಕ್ಕೆ ಮೊದಲು ವೈದ್ಯರ ಒಪ್ಪಿಗೆ. ಹುಡುಗ ಒಪ್ಪದಿದ್ದರೆ 2020ರ ಡಿಸೆಂಬರಿನ ಕ್ಯಾನ್‌ಬೆರಾ ಟಿ-20 ನೆನಪಿಸಿ. ಸ್ಟಾರ್ಕ್ ಚೆಂಡು ಹೆಲ್ಮೆಟ್ಟಿಗೆ ಬಡಿದ ಜಡೇಜ ಫೀಲ್ಡಿಂಗಿಗೆ ಇಳಿಯಲಿಲ್ಲ, ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಪಂದ್ಯದ ಆಸೆಗೆ ಹುಡುಗರು ನನಗೇನೂ ಇಲ್ಲ ಅಂದುಬಿಡುತ್ತಾರೆ, ಹಾಗಾಗಿ ಬೆಳಿಗ್ಗೆ ಕೇಳಬೇಡಿ, ಸಂಜೆ ಹೋಮ್‌ವರ್ಕ್ ಮುಗಿದ ಮೇಲೆ ಕೇಳಿ. ನಾಲ್ಕು ವಾರವಾದರೂ ಬಿಡದಿದ್ದರೆ ಕತ್ತು, ಕಿವಿ, ಕಣ್ಣು ಮೂರನ್ನೂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಸಮೇತ ಮತ್ತೆ ಬರೆಯಿರಿ.