ಬೀಪ್ ಬರಲಿಲ್ಲ ಸಾರ್

2013ರ ಮೇ 5, ಭಾನುವಾರ. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ವಿಧಾನಸಭಾ ಚುನಾವಣೆಯ ಮತದಾನ ಮುಗಿದು ಹೊರಗೆ ಕತ್ತಲಾಗಿತ್ತು. ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್ ಗುಂಡಿ ಒತ್ತಿದೆ, ಒಟ್ಟು ಎಷ್ಟೆಂದು ನೋಡಿದೆ. ಪಕ್ಕದಲ್ಲೇ ಇದ್ದ 17ಎ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆ ನೋಡಿದೆ. ಎದೆ ಧಸಕ್ಕೆಂದಿತು. ರಿಜಿಸ್ಟರಿನಲ್ಲಿ ಸಹಿ ಮಾಡಿದವರಿಗಿಂತ ಯಂತ್ರದೊಳಗಿನ ಓಟು ಎರಡು ಕಡಿಮೆ.

ಅದು ನಾನು ಮೊದಲ ಬಾರಿಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ, ಎಲ್ಲರ ಬಾಯಲ್ಲಿರುವಂತೆ ಹೇಳಿದರೆ ಪಿಆರ್‌ಓ ಆಗಿ, ಹೋದ ಚುನಾವಣೆ. ಹೈಸ್ಕೂಲು ಮೇಷ್ಟ್ರು ನಾನು. ನಲವತ್ತು ಮಕ್ಕಳ ಕ್ಲಾಸು ನಡೆಸುವವನಿಗೆ ಮೂವರು ಸಿಬ್ಬಂದಿಯನ್ನು ನಡೆಸುವುದು ಏನು ಮಹಾ ಎಂದುಕೊಂಡಿದ್ದೆ.

ಅಭ್ಯರ್ಥಿಗಳ ಏಜೆಂಟರು ಓಟಿನ ಲೆಕ್ಕದ 17ಸಿ ನಮೂನೆಯ ಪ್ರತಿಗಾಗಿ ಕಾಯುತ್ತಿದ್ದರು. ಹೊರಗೆ ಬಸ್ಸಿನವನು ಹಾರನ್ ಮಾಡುತ್ತಿದ್ದ. ರಿಜಿಸ್ಟರನ್ನು ಮೊದಲ ಪುಟದಿಂದ ಮತ್ತೆ ಎಣಿಸಿದೆವು. ಅದೇ ಎರಡು. ಆಗ ಕಂಟ್ರೋಲ್ ಯೂನಿಟ್ಟಿನ ಹಿಂದೆ, ಪ್ರತಿ ಓಟಿಗೂ ಬರುವ ಬೀಪ್ ಕೇಳುತ್ತಾ, ದಿನವಿಡೀ ಕೂತಿದ್ದ ಹುಡುಗ, ನೌಕರಿಗೆ ಸೇರಿ ವರ್ಷವೂ ಆಗಿರದವನು, ಮೆಲ್ಲಗೆ ಹೇಳಿದ:

“ಸಾರ್, ಹನ್ನೊಂದು ಗಂಟೆ ಹೊತ್ತಿಗೆ ಒಬ್ರು ಅಜ್ಜ ಒಳಗೆ ಹೋಗಿ ಬಂದ್ರು. ಬೀಪ್ ಬರಲಿಲ್ಲ. ಕೆಂಪು ಲೈಟು ಹಂಗೇ ಉರೀತಿತ್ತು. ಹಿಂದೆ ಬಂದವರು ಅದ್ರಲ್ಲೇ ಓಟು ಹಾಕಿ ಹೋದ್ರು. ಮಧ್ಯಾಹ್ನ ಊಟದ ಹೊತ್ತಲ್ಲೂ ಒಂದ್ಸಲ ಹಂಗೇ ಆಯ್ತು.”

“ಆಗ್ಲೇ ಯಾಕಪ್ಪ ಹೇಳಲಿಲ್ಲ?”

“ನೀವೇ ಬೆಳಿಗ್ಗೆ ಹೇಳಿದ್ರಲ್ಲ ಸಾರ್, ಸಣ್ಣಪುಟ್ಟದಕ್ಕೆಲ್ಲ ನನ್ನ ಹತ್ರ ಬರಬೇಡಿ ಅಂತ.”

ಹೌದು, ಹೇಳಿದ್ದೆ. ಬೆಳಿಗ್ಗೆ ಏಜೆಂಟರ ಕುರ್ಚಿಯ ವಿಷಯಕ್ಕೆ ಆ ಹುಡುಗ ಏನೋ ಕೇಳಲು ಬಂದಾಗ, ನಾಲ್ಕು ಜನರ ಎದುರಿಗೆ ಗದರಿ ಕಳಿಸಿದ್ದೆ. ಅದಕ್ಕೂ ಮುಂಚೆ, ಮೂವರನ್ನೂ ನಿಲ್ಲಿಸಿಕೊಂಡು “ನನ್ನನ್ನ ಕೇಳದೆ ಯಾರೂ ಏನೂ ಮಾಡಕೂಡದು” ಎಂದೂ ಹೇಳಿದ್ದೆ. ಕೇಳದೆ ಮಾಡಬಾರದು, ಕೇಳಲು ಬರಲೂಬಾರದು. ಇವೆರಡೂ ಸೇರಿದರೆ ಎದುರಿಗಿದ್ದವನಿಗೆ ಉಳಿಯುವುದು ಸುಮ್ಮನಿರುವ ದಾರಿ ಒಂದೇ. ಅವನು ಆ ದಾರಿ ಹಿಡಿದಿದ್ದ. ತಪ್ಪು ಅವನದಲ್ಲ.

ಆ ದಿನ ನಾನು ಕೆಲಸ ಮಾಡದೆ ಕೂತಿರಲಿಲ್ಲ. ಒಂದು ನಿಮಿಷವೂ ಕೂತಿರಲಿಲ್ಲ ಎನ್ನುವುದೇ ಸರಿ. ಮತದಾರರ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದವರ ಕೈಯಿಂದ ಪಟ್ಟಿ ಕಿತ್ತುಕೊಂಡು ನಾನೇ ಹೆಸರು ಹುಡುಕಿದೆ. ಬೆರಳಿಗೆ ಶಾಯಿ ಹಚ್ಚುವವರಿಗೆ ಕಡ್ಡಿ ಹಿಡಿಯುವುದು ಹೇಗೆಂದು ತೋರಿಸಿದೆ. ಸಾಲು ಸರಿ ಮಾಡಲು ಹೊರಗೆ ಓಡಿದೆ, ಅಲ್ಲಿಂದ ಫೋನಿಗೆ ಓಡಿದೆ. ಎಲ್ಲರ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಪಿಆರ್‌ಓ ಮಾತ್ರವೇ ಮಾಡಬೇಕಾದದ್ದು ಒಂದಿತ್ತು: ರಿಜಿಸ್ಟರಿನ ಲೆಕ್ಕವೂ ಯಂತ್ರದ ಲೆಕ್ಕವೂ ಆಗಾಗ ತಾಳೆಯಾಗುತ್ತಿವೆಯೇ ಎಂದು ನೋಡುವುದು. ಅದನ್ನು ಸಂಜೆಯವರೆಗೆ ಮಾಡಲೇ ಇಲ್ಲ. ಸಹಿ ಮಾಡಿ ಓಟು ಹಾಕದೆ ಹೋದವರಿದ್ದರೆ ಆ ಹೊತ್ತಿಗೇ ಷರಾ ಕಾಲಂನಲ್ಲಿ ಬರೆಯಬೇಕು. ಹನ್ನೊಂದು ಗಂಟೆಗೆ ಒಂದು ಸಾಲಿನಲ್ಲಿ ಮುಗಿಯುವುದನ್ನು ರಾತ್ರಿ ಪುಟಗಟ್ಟಲೆ ವಿವರಣೆಯಾಗಿ ಬರೆದೆ. ಯಂತ್ರ ಮರಳಿ ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರ ತಲುಪಿದಾಗ ನಡುರಾತ್ರಿ ದಾಟಿತ್ತು. ಬಸ್ಸಿನಲ್ಲಿ ನಾಲ್ವರಲ್ಲಿ ಒಬ್ಬರೂ ಮಾತಾಡಲಿಲ್ಲ. ವಿವರಣೆ ಬರೆದದ್ದಕ್ಕಿಂತ ಆ ಮೌನ ನನ್ನನ್ನು ಹೆಚ್ಚು ಕಾಡಿತು.

ಮುಂದಿನ ವರ್ಷ, 2014ರ ಏಪ್ರಿಲ್ 17ರ ಲೋಕಸಭಾ ಚುನಾವಣೆಗೆ ನನಗೆ ಸಹಾಯಕ ಅಧ್ಯಕ್ಷಾಧಿಕಾರಿಯ ಕೆಲಸ ಬಂತು. ಪಿಆರ್‌ಓ ಆಗಿದ್ದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಎಂಜಿನಿಯರು. ಮತದಾನದ ಹಿಂದಿನ ದಿನ ಯಂತ್ರ, ಸಾಮಾನು ಪಡೆಯುವ ಮಸ್ಟರಿಂಗ್ ಎಂದರೆ ಸಂತೆಗಿಂತ ಹೆಚ್ಚು ಗದ್ದಲ. ಮೈಕಿನಲ್ಲಿ ರೂಟ್ ನಂಬರ್ ಕೂಗುತ್ತಿರುತ್ತಾರೆ, ಯಂತ್ರ ತೆಗೆದುಕೊಳ್ಳಲು ನೂಕುನುಗ್ಗಲು, ನೆರಳಿಗಾಗಿ ಪರದಾಟ. ಅವರು ಸಾಮಾನಿನ ಚೀಲ ಬಿಚ್ಚುವ ಮೊದಲು ನಮ್ಮ ಮೂವರನ್ನೂ ಬೇವಿನ ಮರದ ಕೆಳಗೆ ಕೂರಿಸಿದರು. ಟೀ ತರಿಸಿದರು. ಮೊದಲು ಯಾರಿಗೆಲ್ಲ ಚುನಾವಣೆ ಕೆಲಸ ಮಾಡಿ ಗೊತ್ತಿದೆ ಎಂದು ಕೇಳಿದರು. ಬಿ.ಪಿ., ಶುಗರ್ ಇದ್ದವರು ಮಾತ್ರೆ ತಂದಿದ್ದೀರಾ ಎಂದು ಕೇಳಿದರು. ಆಮೇಲೆ ಯಾರು ಏನು ಮಾಡಬೇಕೆಂದು ಹೇಳಿದರು. ಹೇಳಿ ಮುಗಿಸಿ, “ಈಗ ನೀವು ನನಗೆ ಹೇಳಿ” ಎಂದರು.

ನಾನು ಬಾಯಿಬಿಟ್ಟೆ. ಪಟ್ಟಿಯಲ್ಲಿ ಹೆಸರು, ಕ್ರಮಸಂಖ್ಯೆ ಗಟ್ಟಿಯಾಗಿ ಓದುವುದು, ಏಜೆಂಟರ ಆಕ್ಷೇಪ ಇಲ್ಲವೆಂದಾದ ಮೇಲೆ ಗುರುತು ಹಾಕುವುದು ಎಂದು ನನ್ನ ಪಾಲಿನ ಕೆಲಸ ಹೇಳುತ್ತಾ ಹೋದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಗುರುತು ಎನ್ನುವುದನ್ನು ಮರೆತಿದ್ದೆ. ಅವರು ಬೈಯಲಿಲ್ಲ, “ಎರಡು ಗಂಟೆಗೊಮ್ಮೆ ಹೆಂಗಸರು ಎಷ್ಟು ಅಂತ ಕೇಳ್ತಾರೆ, ಆಗ ಏನು ಮಾಡ್ತೀರಿ?” ಎಂದಷ್ಟೇ ಕೇಳಿದರು. ನನಗೇ ನೆನಪಾಯಿತು. ನಾವು ಹೇಳಿದ್ದು ಬೇರೆ, ಎದುರಿಗಿದ್ದವರು ಕೇಳಿಸಿಕೊಂಡದ್ದು ಬೇರೆ. ನಡುವೆ ಎಷ್ಟು ಸೋರಿಹೋಗಿದೆ ಎಂದು ತಿಳಿಯಲು ಅವರ ಬಾಯಿಂದಲೇ ಒಮ್ಮೆ ಕೇಳಬೇಕು. ಇಪ್ಪತ್ತು ವರ್ಷ ಪಾಠ ಮಾಡಿಯೂ “ಅರ್ಥ ಆಯ್ತಾ?” ಎಂದು ಕೇಳಿ, “ಆಯ್ತು ಸಾರ್” ಎನ್ನಿಸಿಕೊಂಡು ಮುಂದೆ ಹೋಗುತ್ತಿದ್ದವನು ನಾನು. ಆ ಪ್ರಶ್ನೆಗೆ ಇಲ್ಲ ಎನ್ನುವ ಧೈರ್ಯ ಮಕ್ಕಳಿಗೂ ಇರುವುದಿಲ್ಲ, ನೌಕರರಿಗೂ ಇರುವುದಿಲ್ಲ.

ಮತದಾನದ ದಿನ ಆ ಹಿರಿಯರು ನನ್ನ ಪಟ್ಟಿಗೆ ಒಮ್ಮೆಯೂ ಕೈಹಾಕಲಿಲ್ಲ. ಹೆಸರು ಸಿಗದೆ ನಾನು ಪುಟ ತಿರುವುತ್ತಿದ್ದಾಗಲೂ ಎದ್ದು ಬರಲಿಲ್ಲ. ಎರಡೆರಡು ಗಂಟೆಗೊಮ್ಮೆ ಮತದಾನದ ಪ್ರಮಾಣವನ್ನು ಮೇಲಕ್ಕೆ ತಿಳಿಸಬೇಕಾಗುತ್ತದೆ. ಆ ಹೊತ್ತಿಗೆ ಮಾತ್ರ ಒಂದು ಸುತ್ತು ಬರುತ್ತಿದ್ದರು. ನನ್ನನ್ನು ಕೇಳುತ್ತಿದ್ದರು: “ನಿಮ್ಮಲ್ಲಿ ಎಷ್ಟು?” ರಿಜಿಸ್ಟರಿನವರನ್ನು ಕೇಳುತ್ತಿದ್ದರು: “ನಿಮ್ಮಲ್ಲಿ?” ಯಂತ್ರದವರಿಗೆ: “ಟೋಟಲ್ ಒತ್ತಿ.” ಮೂರೂ ಒಂದೇ ಬಂದರೆ ಫೋನು ಮಾಡಿ ಹೇಳಿ ಕೂರುತ್ತಿದ್ದರು. ಹೇಗೂ ಕೊಡಲೇಬೇಕಾದ ಲೆಕ್ಕವನ್ನೇ ತಪ್ಪು ಹಿಡಿಯುವ ಜಾಲರಿ ಮಾಡಿಕೊಂಡಿದ್ದರು. ಎರಡು ಗಂಟೆಗಿಂತ ಹಳೆಯ ತಪ್ಪು ಆ ಕೋಣೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅವತ್ತು ನಾನು ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿತಿಲ್ಲ.

ಕಲಿತದ್ದನ್ನು ಬಳಸಲು ಹೋಗಿ ಇನ್ನೊಂದು ಕಡೆ ಎಡವಿದೆ. 2018ರ ಮೇ 12ರಂದು ಮತ್ತೆ ಪಿಆರ್‌ಓ. ಓಟಿನ ಚೀಟಿ ಮುದ್ರಿಸುವ ವಿವಿಪ್ಯಾಟ್ ಪೆಟ್ಟಿಗೆ ನನಗೆ ಹೊಸದು, ತಲೆಯೆಲ್ಲ ಅದರಲ್ಲೇ. ಉಳಿದ ಕೆಲಸಗಳನ್ನು ಹಂಚಿ, ಒಪ್ಪಿಸಿ, ಮತ್ತೆ ಹೇಳಿಸಿಕೊಂಡೂ ಆಗಿತ್ತು. ಇನ್ನು ಕೈಹಾಕಬಾರದು ಎಂದು ಗಟ್ಟಿಮನಸ್ಸು ಮಾಡಿ ಕೂತೆ. ಹತ್ತು ಗಂಟೆಯ ಹೊತ್ತಿಗೆ ಏಜೆಂಟರೊಬ್ಬರು ಹೇಳಿದರು, ಶಾಯಿ ಒರೆಸಿಹೋಗುತ್ತಿದೆ ಎಂದು. ಹೋಗಿ ನೋಡಿದರೆ, ಸಾಲು ಬೇಗ ಸಾಗಲಿ ಎಂದು ಎರಡನೇ ಮತಗಟ್ಟೆ ಅಧಿಕಾರಿಯಾಗಿದ್ದ ಮೇಡಂ ಮೊದಲು ಸಹಿ ಮಾಡಿಸಿ, ಚೀಟಿ ಕೊಟ್ಟು, ಕೊನೆಗೆ ಶಾಯಿ ಹಚ್ಚುತ್ತಿದ್ದರು. ಹಸಿ ಬೆರಳಲ್ಲೇ ಜನ ಮುಂದೆ ಹೋಗುತ್ತಿದ್ದರು, ಸೆರಗಿಗೆ, ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ಈ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಕಪ್ಪಾಗಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಮೊದಲು ಶಾಯಿ, ಆಮೇಲೆ ಸಹಿ ಎಂಬ ಕ್ರಮ. ಸಹಿ ಮಾಡಿ, ಚೀಟಿ ಪಡೆದು, ಓಟು ಹಾಕಿ ಹೊರಬರುವಷ್ಟರಲ್ಲಿ ಒಣಗಿರುತ್ತದೆ. ಕ್ರಮವನ್ನು ನಾನು ಆ ಮೇಡಂಗೆ ಹೇಳಿದ್ದೆ, ಅವರು ತಿರುಗಿ ಒಪ್ಪಿಸಿಯೂ ಇದ್ದರು. ಯಾಕೆ ಎಂದು ಮಾತ್ರ ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದ ಕ್ರಮವನ್ನು ಅವಸರ ಬಂದಾಗ ಯಾರಾದರೂ ತಮಗೆ ಅನುಕೂಲವಾಗುವಂತೆ ಬದಲಿಸಿಕೊಳ್ಳುತ್ತಾರೆ. ಅವರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ, ಬಿಸಿಲಲ್ಲಿ ನಿಂತ ಜನಕ್ಕಾಗಿ. ಕಾರಣ ತಿಳಿಸಿದ ಮೇಲೆ ಸಂಜೆಯವರೆಗೆ ಒಂದು ಬೆರಳೂ ತಪ್ಪಲಿಲ್ಲ. ನಡುವೆ ಅವರೇ ಒಬ್ಬ ಹುಡುಗನನ್ನು ತಡೆದು, “ಒರೆಸ್ಕೋಬೇಡಪ್ಪ, ಒಣಗಲಿ” ಎನ್ನುವುದು ಕೇಳಿಸಿತು.

ಕೆಲಸ ಒಪ್ಪಿಸುವ ಬಗ್ಗೆ ಶಾಲೆಯ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದಾಗ ಪ್ರತಿಭಾ ಕಾರಂಜಿಯ ಪೂರ್ತಿ ಹೊಣೆಯನ್ನು ಒಬ್ಬ ಕಿರಿಯ ಶಿಕ್ಷಕಿಗೆ ಕೊಟ್ಟೆ. ವಾರವಾದರೂ ಕೆಲಸ ಮುಂದೆ ಹೋಗಲಿಲ್ಲ. ವಿಚಾರಿಸಿದರೆ, ಮಕ್ಕಳ ವೇಷದ ಬಟ್ಟೆ, ಹಾರ್ಮೋನಿಯಂ ಎಲ್ಲ ಇದ್ದ ಬೀರುವಿನ ಕೀಲಿ ನನ್ನ ಜೇಬಿನಲ್ಲಿ! ಪ್ರತಿ ಸಲ ನನ್ನನ್ನು ಹುಡುಕಿ, ಕೇಳಿ, ತೆಗೆಸಿ, ಮತ್ತೆ ಹಾಕಿಸಬೇಕಿತ್ತು. ಆಕೆ ಕೇಳಿಕೇಳಿ ಸಂಕೋಚಪಟ್ಟು ಬಿಟ್ಟಿದ್ದರು. ಕೀಲಿ ಕೊಟ್ಟ ದಿನದಿಂದ ತಾಲೀಮು ಶುರುವಾಯಿತು. ಹೊಣೆ ಒಬ್ಬರದು, ಕೀಲಿ ಇನ್ನೊಬ್ಬರದು ಆಗಿರುವ ಕಚೇರಿಗಳು ನಮ್ಮಲ್ಲಿ ಎಷ್ಟಿಲ್ಲ?

2023ರ ಮೇ 10ಕ್ಕೆ ಮೂರನೇ ಸಲ ಪಿಆರ್‌ಓ ಆದೆ. ಹಿಂದಿನ ದಿನ ಮತಗಟ್ಟೆ ತಲುಪಿ, ಬಿಸಿಯೂಟದವರು ಮಾಡಿಕೊಟ್ಟ ಅನ್ನ ಸಾರು ಉಂಡು, ಜಮಖಾನೆಯ ಮೇಲೆ ನಾಲ್ವರೂ ಕೂತೆವು. ಕೆಲಸ, ಅದರ ಕಾರಣ, ತಿರುಗಿ ಒಪ್ಪಿಸುವುದು ಎಲ್ಲ ಮುಗಿದ ಮೇಲೆ ಯಂತ್ರಕ್ಕೆ ಕೂರಬೇಕಿದ್ದ ಮೇಡಂಗೆ ಒಂದು ಮಾತು ಹೆಚ್ಚಾಗಿ ಹೇಳಿದೆ. ಬೀಪ್ ಬರದೆ ಯಾರಾದರೂ ಹೊರಟರೆ ಎದ್ದು ನಿಂತು ಕೈಯೆತ್ತಿ. ನಾನು ಫೋನಿನಲ್ಲಿರಲಿ, ಸೆಕ್ಟರ್ ಆಫೀಸರ್ ಜೊತೆ ಮಾತಾಡುತ್ತಿರಲಿ, ನೋಡಬೇಡಿ. ನಿಮ್ಮ ಅನುಮಾನ ಸುಳ್ಳಾದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಹತ್ತು ವರ್ಷದ ಹಿಂದಿನ ಆ ಎರಡು ಓಟಿನ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ನಾಯಕನಾದವನು ತನ್ನ ತಪ್ಪನ್ನು ಮೊದಲು ಹೇಳಿಕೊಂಡರೆ ಉಳಿದವರಿಗೆ ಬಾಯಿ ಬರುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಕಡಿಮೆಯೆಂದರೂ 50 ಓಟು ಹಾಕಿಸಿ, ಫಲಿತಾಂಶ ತೋರಿಸಿ, ಆಮೇಲೆ ಆ ಓಟುಗಳನ್ನು ಯಂತ್ರದಿಂದ ಅಳಿಸಬೇಕು. ವಿವಿಪ್ಯಾಟಿನೊಳಗೆ ಬಿದ್ದ ಚೀಟಿಗಳನ್ನು ತೆಗೆದು, ಹಿಂಬದಿಗೆ ಮುದ್ರೆ ಹಾಕಿ, ಕಪ್ಪು ಲಕೋಟೆಯಲ್ಲಿ ಮುಚ್ಚಬೇಕು. ಆ ಗಡಿಬಿಡಿಯಲ್ಲಿ ಅಳಿಸುವುದನ್ನು ಮರೆತರೆ ಇಡೀ ಊರಿನ ಓಟಿನ ಮೇಲೆ ಅನುಮಾನ ಬೀಳುತ್ತದೆ. ಅಳಿಸುವ ಕೆಲಸವನ್ನು ನಾನು ಮಾಡಿದೆ. ನೋಡುವ ಕೆಲಸ ಯಂತ್ರಕ್ಕೆ ಕೂತ ಮೇಡಂ ಅವರದು. ಮಾಡಿದವನೇ ನೋಡಿದರೆ ಅವನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಟೋಟಲ್ ಒತ್ತಿ, ಎಲ್ಲರಿಗೂ ಕೇಳುವಂತೆ ಅವರು ಹೇಳಿದರು: “ಸೊನ್ನೆ.” ಏಜೆಂಟರು ಬಗ್ಗಿ ನೋಡಿ ತಲೆಯಾಡಿಸಿದರು.

ಮಧ್ಯಾಹ್ನ ಎರಡರ ಸುಮಾರು. ಉರಿಬಿಸಿಲು. ನಾನು ಏಜೆಂಟರೊಬ್ಬರ ತಕರಾರು ಕೇಳುತ್ತಿದ್ದೆ. ಯಂತ್ರದ ಕಡೆಯಿಂದ ಕೈ ಮೇಲೆದ್ದಿತು. “ಸಾರ್, ಬೀಪ್ ಬರಲಿಲ್ಲ.” ಒಬ್ಬ ಅಜ್ಜಿ ಮತದಾನದ ಮರೆಯಿಂದ ಹೊರಬಂದು ಬಾಗಿಲ ಹತ್ತಿರ ಹೋಗಿತ್ತು. ತಕರಾರನ್ನು ಅಲ್ಲಿಗೇ ಬಿಟ್ಟು ಎದ್ದೆ. ಅಜ್ಜಿಯನ್ನು ನಿಲ್ಲಿಸಿ, ಮರೆಯ ಹೊರಗೇ, ಏಜೆಂಟರ ಎದುರಿಗೇ, ಬ್ಯಾಲೆಟ್ ಯೂನಿಟ್ಟಿನ ರಟ್ಟಿನ ಮಾದರಿ ಹಿಡಿದು ನೀಲಿ ಗುಂಡಿ ಎಲ್ಲಿರುತ್ತದೆ ಎಂದು ತೋರಿಸಿದೆ. “ನಾನು ಚಿತ್ರದ ಮೇಲೆ ಒತ್ತಿದ್ನಪ್ಪ” ಎಂದಿತು. ಮತ್ತೆ ಒಳಗೆ ಹೋಯಿತು. ಉದ್ದನೆಯ ಬೀಪ್ ಬಂತು, ಕೆಂಪು ದೀಪ ಆರಿತು. ಒಟ್ಟು ಒಂದೆರಡು ನಿಮಿಷದ ಕೆಲಸ. ಕೈ ಏಳದಿದ್ದರೆ ಅಜ್ಜಿ ಓಟು ಹಾಕಿದೆನೆಂದುಕೊಂಡೇ ಮನೆಗೆ ಹೋಗುತ್ತಿತ್ತು. 2013ರ ಆ ಅಜ್ಜ ಹೋದ ಹಾಗೆ. ಅವನ ಓಟು ಹೋದದ್ದು ಅವನಿಗೆ ಇವತ್ತಿಗೂ ಗೊತ್ತಿರಲಾರದು, ನನಗೆ ಗೊತ್ತು.

ಆರು ಗಂಟೆಗೆ ಸಾಲಿನಲ್ಲಿ ಇನ್ನೂ ಜನ ಇದ್ದರು. ಸಾಲಿನ ಬಾಲದಿಂದ ಶುರುಮಾಡಿ ಸಹಿ ಹಾಕಿದ ಚೀಟಿ ಹಂಚಿದೆ, ಆಮೇಲೆ ಬಂದವರು ಸೇರಿಕೊಳ್ಳದಿರಲಿ ಎಂದು. ಕೊನೆಯವರು ಹೊರಗೆ ಹೋದ ಮೇಲೆ ಕ್ಲೋಸ್ ಒತ್ತಿದೆವು. ಪಟ್ಟಿಯ ಗುರುತು, ರಿಜಿಸ್ಟರಿನ ಸಂಖ್ಯೆ, ಯಂತ್ರದ ಸಂಖ್ಯೆ ಮೂರೂ ಒಂದೇ. 17ಸಿಗೆ ಸಹಿ ಹಾಕಿ ಏಜೆಂಟರಿಗೆ ಪ್ರತಿ ಕೊಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾಲ್ವರೂ ಮಾತಾಡುತ್ತಲೇ ಇದ್ದೆವು.

ಮುಂದಿನ ಚುನಾವಣೆಯ ಆದೇಶ ನಿಮ್ಮಲ್ಲಿ ಯಾರ ಕೈಗೆ ಬಂದರೂ ನನ್ನದೊಂದು ಕೋರಿಕೆ: ಮಸ್ಟರಿಂಗ್ ದಿನ ಚೀಲ ಬಿಚ್ಚುವ ಮೊದಲು ನಿಮ್ಮ ಮೂವರು ಸಿಬ್ಬಂದಿಯನ್ನೂ ಒಂದು ನೆರಳಿಗೆ ಕರೆದು ಟೀ ಕುಡಿಸಿ, ಯಂತ್ರದ ಹಿಂದೆ ಕೂರುವವರ ಹೆಸರು ಮೊದಲು ಕೇಳಿಕೊಳ್ಳಿ.