ದೀಪ ಮಿನುಗಿದ ಬಳಿಕ

ಮೈಕ್ರೋಕಂಟ್ರೋಲರ್ ತಯಾರಿಸುವ ಕಂಪನಿಗಳು ತಮ್ಮ ಚಿಪ್ಪನ್ನು ಕೊಳ್ಳುವವರು ಮೊದಲು ಪರೀಕ್ಷಿಸಿ ನೋಡಲೆಂದು ಅಲ್ಪ ಬೆಲೆಗೆ ಒದಗಿಸುವ ಇವ್ಯಾಲ್ಯುಯೇಷನ್ ಬೋರ್ಡುಗಳು ಇಂದು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿಯೇ ದೊರೆಯುತ್ತವೆ. ಅವನ್ನು ಕೊಂಡೊಯ್ದ ತರುಣರಲ್ಲಿ ಬಹುಮಂದಿ ಅಂದಿನ ಸಂಜೆಯೇ ಕಂಪ್ಯೂಟರಿಗೆ ಜೋಡಿಸಿ, ಸಿದ್ಧವಾಗಿ ಸಿಕ್ಕುವ ಪ್ರೋಗ್ರಾಮೊಂದನ್ನು ಅದಕ್ಕೆ ಇಳಿಸಿ, ಹಸಿರು ಎಲ್‌ಇಡಿ ಮಿನುಗಿದುದನ್ನು ಕಂಡು ಸಂತುಷ್ಟರಾಗಿ, ಬೋರ್ಡಿನಿಂದ ತಿಳಿಯಬೇಕಾದುದೆಲ್ಲವೂ ತಿಳಿದಂತಾಯಿತೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಬಹುಕಾಲ ಕಳೆದ ನನಗೆ ಇದು ವಿಷಾದದ ಸಂಗತಿಯಾಗಿಯೇ ತೋರಿದೆ. ಏಕೆಂದರೆ ಆ ಬೋರ್ಡು ಕಲಿಸಬಲ್ಲ ವಿದ್ಯೆಯ ಬಹುಭಾಗ ದೀಪ ಮಿನುಗಿದ ಬಳಿಕವೇ ಆರಂಭವಾಗುವುದೆಂಬುದನ್ನು ನಾನು ಸ್ವಾನುಭವದಿಂದ ಅರಿತಿದ್ದೇನೆ.

ನನಗೆ ಬೇಕಾಗಿದ್ದುದು, ತೋಟದ ಮಣ್ಣಿನಲ್ಲಿರುವ ತೇವವನ್ನು ಗಂಟೆಗೊಮ್ಮೆ ಅಳೆದು ನೆನಪಿಟ್ಟುಕೊಳ್ಳುವ, ಎರಡು ಸಾಮಾನ್ಯ ಎಎ ಸೆಲ್ಲುಗಳ ಬಲದಿಂದ ವರ್ಷಗಟ್ಟಲೆ ನಡೆಯಬಲ್ಲ ಒಂದು ಸಣ್ಣ ಉಪಕರಣ. ಅದಕ್ಕೆ ಯೋಗ್ಯವಾದ ಚಿಪ್ಪು ಯಾವುದೆಂದು ನಿಶ್ಚಯಿಸುವ ಸಲುವಾಗಿ ಎಸ್‌ಟಿಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ನ್ಯೂಕ್ಲಿಯೋ-ಎಫ್401ಆರ್‌ಇ ಬೋರ್ಡನ್ನು ಆರಿಸಿಕೊಂಡೆ. ಇದರ ಹೃದಯಸ್ಥಾನದಲ್ಲಿರುವ ಎಸ್‌ಟಿಎಂ32ಎಫ್401ಆರ್‌ಇ ಚಿಪ್ಪಿನೊಳಗೆ ಗರಿಷ್ಠ 84 ಮೆಗಾಹರ್ಟ್ಸ್ ವೇಗದ ಕಾರ್ಟೆಕ್ಸ್-ಎಂ4 ಪ್ರೊಸೆಸರ್, 512 ಕಿಲೋಬೈಟ್ ಫ್ಲ್ಯಾಶ್, 96 ಕಿಲೋಬೈಟ್ ರ‍್ಯಾಮ್ ಇವೆ. ಬೋರ್ಡಿನ ಒಂದು ಪಾರ್ಶ್ವವನ್ನು ಆಕ್ರಮಿಸಿಕೊಂಡಿರುವ ಎಸ್‌ಟಿ-ಲಿಂಕ್ ಭಾಗ, ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಹಾಗೂ ಅದರ ನಡೆಯನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ನೋಡಲು ಅನುವು ಮಾಡಿಕೊಡುವ ಕೆಲಸಕ್ಕೆ ಮೀಸಲಾದುದು. ಜೋಡಿಸುವ ವಿಧಾನದಲ್ಲಿ ಹೇಳತಕ್ಕ ವಿಶೇಷವೇನೂ ಇಲ್ಲ: ಜೆಪಿ5 ಜಂಪರ್ ಯು5ವಿ ಕಡೆಗಿರಬೇಕು, ಮತ್ತು ಮಿನಿ ಯುಎಸ್‌ಬಿ ಕೇಬಲ್ ಬರಿಯ ಚಾರ್ಜಿಂಗಿನದಾಗಿರದೆ ಡೇಟಾ ತಂತಿಗಳುಳ್ಳದ್ದಾಗಿರಬೇಕು.

ನಾನು ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಶಾಲೆಯಲ್ಲಿ ನಮಗೆ ದೊರೆಯುತ್ತಿದ್ದುದು 8085 ಟ್ರೈನರ್ ಕಿಟ್. 1976ರಲ್ಲಿ ಇಂಟೆಲ್ ಹೊರತಂದ ಆ ಪ್ರೊಸೆಸರಿನ ಆಜ್ಞೆಗಳನ್ನು ನಾವು ಕಾಗದದ ಮೇಲೆ ಹೆಕ್ಸ್ ಅಂಕಿಗಳಾಗಿ ಪರಿವರ್ತಿಸಿಕೊಂಡು, ಕೀಲಿಮಣೆಯಲ್ಲಿ ಒಂದೊಂದಾಗಿ ಒತ್ತಿ ತುಂಬುತ್ತಿದ್ದೆವು; ಕರೆಂಟು ಹೋಯಿತೆಂದರೆ ತುಂಬಿದುದೆಲ್ಲ ಅಳಿಸಿಹೋಗುತ್ತಿತ್ತು. ಆ ಕಷ್ಟ ಮರಳಿ ಬರಲೆಂದು ಹಾರೈಸುವವನು ನಾನಲ್ಲ. ಆದರೆ ಪ್ರತಿಯೊಂದು ವಿಳಾಸವನ್ನೂ ತಿಳಿದೇ ಬರೆಯಬೇಕಾಗಿದ್ದ ಆ ಶಿಸ್ತಿನಲ್ಲಿ ಒಂದು ಶ್ರೇಯಸ್ಸಿತ್ತೆಂದು ನಂಬಿರುವುದರಿಂದ, ಹೊಸ ಬೋರ್ಡಿನಲ್ಲಿಯೂ ಮೊದಲನೆಯ ದೀಪವನ್ನು ಲೈಬ್ರರಿಗಳ ನೆರವಿಲ್ಲದೆ ರಿಜಿಸ್ಟರುಗಳ ಮೂಲಕವೇ ಬೆಳಗಿಸುವ ಪದ್ಧತಿಯನ್ನು ಇರಿಸಿಕೊಂಡಿದ್ದೇನೆ. ಹಸಿರು ದೀಪ ಪಿಎ5 ಪಿನ್ನಿಗೆ ಸೇರಿದುದು. ಪಿನ್ನನ್ನು ಔಟ್‌ಪುಟ್ ಆಗಿಸಲು ಮೋಡರ್ ರಿಜಿಸ್ಟರಿನ 10 ಮತ್ತು 11ನೆಯ ಬಿಟ್ಟುಗಳಲ್ಲಿ 01 ಎಂದು ಬರೆಯಬೇಕು. ಆದರೆ ಅದಕ್ಕೂ ಮೊದಲು ಪೋರ್ಟ್ ಎ ವಿಭಾಗಕ್ಕೆ ಕ್ಲಾಕ್ ಕೊಡದಿದ್ದರೆ ಬರೆದುದು ಅಲ್ಲಿ ನಿಲ್ಲುವುದಿಲ್ಲ, ದೋಷಸೂಚನೆಯೂ ಬರುವುದಿಲ್ಲ, ದೀಪವೂ ಹತ್ತುವುದಿಲ್ಲ. ವಿದ್ಯುತ್ತಿನ ಮಿತವ್ಯಯಕ್ಕಾಗಿ ಈ ಚಿಪ್ಪು ಎಚ್ಚರಗೊಳ್ಳುವಾಗ ತನ್ನ ಅಂಗಗಳಲ್ಲಿ ಬಹುಪಾಲನ್ನು ಕ್ಲಾಕಿಲ್ಲದೆ ನಿದ್ರೆಯಲ್ಲಿಯೇ ಇರಿಸುತ್ತದೆಂಬ ತತ್ತ್ವವನ್ನು ಹೀಗೆ ಕೈಯಾರೆ ತಿಳಿದುಕೊಂಡ ವಿದ್ಯಾರ್ಥಿ, ಮುಂದೆ ವಿದ್ಯುತ್ತಿನ ಲೆಕ್ಕ ಬಂದಾಗ ಎಲ್ಲಿಂದ ಆರಂಭಿಸಬೇಕೆಂದು ತಡಕಾಡುವುದಿಲ್ಲ.

ವಿದ್ಯುತ್ತಿನ ಲೆಕ್ಕಕ್ಕೆಂದೇ ಈ ಬೋರ್ಡಿನಲ್ಲಿ ಜೆಪಿ6 ಎಂಬ, ಐಡಿಡಿ ಎಂದು ಗುರುತಿಸಿದ ಎರಡು ಮುಳ್ಳುಗಳ ಜಂಪರೊಂದಿದೆ. ಅದನ್ನು ಕಿತ್ತು, ಆ ಎರಡು ಮುಳ್ಳುಗಳ ನಡುವೆ ಮೀಟರನ್ನು ಸೇರಿಸಿದರೆ, ಎಸ್‌ಟಿ-ಲಿಂಕ್ ಮೊದಲಾದ ಪರಿವಾರವನ್ನು ಬಿಟ್ಟು ಮುಖ್ಯ ಚಿಪ್ಪೊಂದೇ ಸೇದುವ ಪ್ರವಾಹ ಕಣ್ಣಿಗೆ ಕಾಣುತ್ತದೆ. ಇಡೀ ಬೋರ್ಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸ್ಥಳ ಇದು. ಚಿಪ್ಪನ್ನು ಸ್ಟಾಪ್ ಮೋಡ್ ಎಂಬ ನಿದ್ರಾಸ್ಥಿತಿಗೆ ಕಳುಹಿಸಿದರೆ ಪ್ರವಾಹ ಕೆಲವೇ ಹತ್ತು ಮೈಕ್ರೋಆಂಪಿಯರುಗಳಿಗೆ ಇಳಿಯಬೇಕು. ಆದರೆ ನನ್ನ ಮೀಟರು ಮಿಲಿಆಂಪಿಯರುಗಳನ್ನೇ ತೋರಿಸುತ್ತಿತ್ತು. ಕಾರಣವನ್ನು ಅರಸುತ್ತ ಹೋದಂತೆ ಒಂದರ ಹಿಂದೊಂದು ತಿಳಿದುಬಂದವು. ಪಿಎ5ರ ದೀಪ ಉರಿಯುತ್ತಿದ್ದರೆ ಅದರ ಪ್ರವಾಹವೂ ಚಿಪ್ಪಿನ ಪಿನ್ನಿನಿಂದಲೇ ಹರಿಯುವ ಕಾರಣ ಇದೇ ಲೆಕ್ಕಕ್ಕೆ ಸೇರುತ್ತದೆ. ಯಾವುದಕ್ಕೂ ಜೋಡಿಸದೆ ಇನ್‌ಪುಟ್ ಆಗಿಯೇ ತೇಲುತ್ತಿರುವ ಪಿನ್ನುಗಳು ವ್ಯರ್ಥವಾಗಿ ಪ್ರವಾಹವನ್ನು ಸೋರಿಸುತ್ತವೆ. ಅವನ್ನೆಲ್ಲ ಅನಲಾಗ್ ಸ್ಥಿತಿಗೆ ತರಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದುದು ಡೀಬಗ್ಗರಿನ ಪ್ರಭಾವ: ಚಿಪ್ಪು ನಿದ್ರಿಸುವಾಗಲೂ ಡೀಬಗ್ಗರಿನ ಸಂಪರ್ಕ ಕಡಿಯದಿರಲೆಂದು ಡಿಬಿಜಿಎಂಸಿಯು ರಿಜಿಸ್ಟರಿನಲ್ಲಿ ಒಂದು ಬಿಟ್ಟನ್ನು ಏರಿಸಿದ್ದರೆ ಒಳಗಿನ ಕ್ಲಾಕ್ ನಿಲ್ಲುವುದೇ ಇಲ್ಲ, ಮತ್ತು ಆ ಬಿಟ್ಟು ಕಪ್ಪು ರೀಸೆಟ್ ಗುಂಡಿಯನ್ನು ಒತ್ತಿದರೂ ಅಳಿಯದೆ, ವಿದ್ಯುತ್ತನ್ನೇ ಪೂರ್ತಿ ತೆಗೆದು ಮರಳಿ ಕೊಟ್ಟಾಗ ಮಾತ್ರ ಅಳಿಯುತ್ತದೆ. ಕೇಬಲನ್ನು ಕಿತ್ತು ಮತ್ತೆ ಸಿಕ್ಕಿಸಿದೊಡನೆ ಮೀಟರಿನ ಅಂಕಿಗಳು ಮಿಲಿಯಿಂದ ಮೈಕ್ರೋಗೆ ಇಳಿದುದನ್ನು ಕಂಡಾಗ ಆದ ಸಂತೋಷ, ಮೊದಲನೆಯ ದೀಪ ಮಿನುಗಿದಾಗ ಆದುದಕ್ಕಿಂತ ಬಹಳ ದೊಡ್ಡದು.

ಅಳೆಯುವ ಸಾಧನವೂ ಅಳೆಯಲ್ಪಡುವುದನ್ನು ಬಾಧಿಸಬಲ್ಲದೆಂಬುದು ಭೌತಶಾಸ್ತ್ರ ಓದಿದವರೆಲ್ಲ ಬಲ್ಲ ವಿಷಯ. ಇಲ್ಲಿ ಅದು ಪ್ರತ್ಯಕ್ಷವಾಗುತ್ತದೆ. ಮೀಟರಿನ ಮೈಕ್ರೋಆಂಪಿಯರ್ ವ್ಯಾಪ್ತಿಯಲ್ಲಿ 100 ಓಮ್ ರೋಧವಿದೆಯೆನ್ನಿ. ಚಿಪ್ಪು ಎಚ್ಚೆತ್ತು 20 ಮಿಲಿಆಂಪಿಯರ್ ಬೇಡಿದ ಕ್ಷಣದಲ್ಲಿ 2 ವೋಲ್ಟು ಮೀಟರಿನಲ್ಲಿಯೇ ಕಳೆದುಹೋಗಿ, 3.3ರಲ್ಲಿ ಚಿಪ್ಪಿಗೆ ಉಳಿಯುವುದು 1.3 ಮಾತ್ರ. ಅದಕ್ಕೆ ಬೇಕಾದ ಕನಿಷ್ಠ 1.7 ವೋಲ್ಟು. ಚಿಪ್ಪು ಎದ್ದೊಡನೆ ರೀಸೆಟ್ ಆಗಿ ಮೊದಲಿನಿಂದ ಪ್ರಾರಂಭಿಸುತ್ತದೆ. ನೋಡುವವರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುತ್ತಾರೆ. ಎಚ್ಚರದ ಪ್ರವಾಹವನ್ನು ಮಿಲಿಆಂಪಿಯರ್ ವ್ಯಾಪ್ತಿಯಲ್ಲಿ, ನಿದ್ರೆಯದನ್ನು ಚಿಪ್ಪು ಮಲಗಿದ ಮೇಲೆ ಮೈಕ್ರೋ ವ್ಯಾಪ್ತಿಯಲ್ಲಿ ಪ್ರತ್ಯೇಕವಾಗಿ ಅಳೆಯುವುದೇ ಯುಕ್ತ.

ನಿದ್ರೆಯಿಂದ ಎದ್ದ ಚಿಪ್ಪು ಕಂಪ್ಯೂಟರಿನ ಟರ್ಮಿನಲ್ಲಿಗೆ ಕಳುಹಿಸಿದ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಬಂದುದು ಇನ್ನೊಂದು ಪಾಠ. ಸ್ಟಾಪ್ ಮೋಡಿನಿಂದ ಹೊರಬಂದಾಗ ಚಿಪ್ಪು ನಾವು ನಿಗದಿಪಡಿಸಿದ್ದ 84 ಮೆಗಾಹರ್ಟ್ಸಿಗೆ ಮರಳದೆ ತನ್ನೊಳಗಿನ 16 ಮೆಗಾಹರ್ಟ್ಸ್ ಆಂದೋಲಕವನ್ನೇ ಆಶ್ರಯಿಸುವುದರಿಂದ, ಅಕ್ಷರಗಳು ಐದು ಪಟ್ಟಿಗಿಂತಲೂ ನಿಧಾನವಾಗಿ ಹೊರಡುತ್ತವೆ. ಎದ್ದೊಡನೆ ಕ್ಲಾಕನ್ನು ಪುನಃ ಸ್ಥಾಪಿಸಬೇಕು. ಅಥವಾ ನಾನು ಕಡೆಗೆ ಮಾಡಿದಂತೆ, ಮಣ್ಣಿನ ತೇವ ಅಳೆಯುವುದಕ್ಕೆ 84 ಮೆಗಾಹರ್ಟ್ಸಿನ ಅಗತ್ಯವೇ ಇಲ್ಲವೆಂದು ಒಪ್ಪಿ, ಎಲ್ಲವನ್ನೂ 16ರಲ್ಲಿಯೇ ನಡೆಸಬೇಕು.

ಈ ಪರೀಕ್ಷೆಗಳಿಂದ ಹೊರಟ ನಿರ್ಣಯ ಸ್ಪಷ್ಟವಾಗಿದೆ. ನಿದ್ರೆಯಲ್ಲಿ 40 ಮೈಕ್ರೋಆಂಪಿಯರ್ ಸೇದುವ ಚಿಪ್ಪಿಗೆ 2000 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು ಲೆಕ್ಕಕ್ಕೆ 50,000 ಗಂಟೆ, ಎಂದರೆ ಐದು ವರ್ಷಕ್ಕೂ ಹೆಚ್ಚು ಕಾಲ ಸಾಕು; ಗಂಟೆಗೊಮ್ಮೆ ಎದ್ದು ಅಳೆಯುವ ಕ್ಷಣಗಳನ್ನೂ ಸೆಲ್ಲುಗಳ ಸಹಜ ಕ್ಷಯವನ್ನೂ ಕಳೆದರೂ ನನ್ನ ತೋಟಕ್ಕೆ ಅದು ಧಾರಾಳ. ತೇವದ ಸೆನ್ಸರಿಗೆ ಮಾತ್ರ ಸದಾ ವಿದ್ಯುತ್ ಕೊಡದೆ, ಅಳೆಯುವ ಸಮಯದಲ್ಲಷ್ಟೇ ಒಂದು ಪಿನ್ನಿನಿಂದ ಕೊಡಬೇಕು. ಆದರೆ ಬೋರ್ಡನ್ನು ಇದ್ದಂತೆಯೇ ತೋಟಕ್ಕೆ ಒಯ್ಯಲಾಗದು: ಅದರ ಕೆಂಪು ಪವರ್ ದೀಪ, ರೆಗ್ಯುಲೇಟರ್, ಎಸ್‌ಟಿ-ಲಿಂಕ್ ಎಲ್ಲವೂ ಕೂಡಿ 10 ಮಿಲಿಆಂಪಿಯರ್ ಮಾತ್ರವೇ ಸೇದಿದರೂ ಅದೇ ಸೆಲ್ಲುಗಳು 200 ಗಂಟೆಗಳಲ್ಲಿ ಬರಿದಾಗುತ್ತವೆ. ಆದುದರಿಂದ ಚಿಪ್ಪನ್ನು ಸ್ವೀಕರಿಸಿ, ಅದಕ್ಕೆ ಬೇರೆಯೇ ಒಂದು ಪುಟ್ಟ ಪಿಸಿಬಿ ಮಾಡಿಸಿದ್ದೇನೆ. ನ್ಯೂಕ್ಲಿಯೋ ಬೋರ್ಡಿನ ಎಸ್‌ಟಿ-ಲಿಂಕ್ ಭಾಗ ಈಗ ಅದಕ್ಕೆ ಪ್ರೋಗ್ರಾಮ್ ತುಂಬುವ ಕೆಲಸದಲ್ಲಿದೆ. ಈ ಬೋರ್ಡು ಈಗಾಗಲೇ ಮನೆಯಲ್ಲಿರುವ ಓದುಗರು ದಯವಿಟ್ಟು ಅದನ್ನು ಹೊರತೆಗೆದು, ಜೆಪಿ6 ಜಂಪರನ್ನು ಕಿತ್ತು ಒಮ್ಮೆ ಮೀಟರ್ ಸಿಕ್ಕಿಸಿ ನೋಡಬೇಕೆಂದು ಕೋರುತ್ತೇನೆ.